ತೆಳು ಆಯಿಲ್ಲೋ, ಮಂದ ಆಯಿಲ್ಲೋ?

ಕಡೂರಿನ ಬಿಸಿಲಿಗೆ ಮಂದ ಆಯಿಲ್ಲೇ ಸರಿ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ಸ್ವಲ್ಪ ತಾಳಿ. ಹೊರಗೆ 25 ಡಿಗ್ರಿ ಇರಲಿ, 38 ಇರಲಿ, ಸಾಮಾನ್ಯ ಓಟದಲ್ಲಿ ಕಾರಿನ ಎಂಜಿನ್ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಡಬ್ಬದ ಮೇಲೆ 10ಡಬ್ಲ್ಯೂ-30 ಅಂತ ಇದೆಯಲ್ಲ? ಮೊದಲನೆಯದು ಚಳಿಯಲ್ಲಿ ಹರಿಯುವ ಗುಣಕ್ಕೆ. ಎರಡನೆಯದು 100 ಡಿಗ್ರಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಅನ್ನುವುದಕ್ಕೆ. ನಮ್ಮ ಕಡೆ ಹಿಮ ಬೀಳಲ್ಲ, ಹೆಚ್ಚು ಗಮನ ಎರಡನೆಯದಕ್ಕೇ ಕೊಡಿ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಆಯಿಲ್ ಹರಿಯುವ ಸಂದುಗಳು ಬಲು ಕಿರಿದು. 0ಡಬ್ಲ್ಯೂ-20 ಹೇಳಿರುವ ಕಾರಿಗೆ 20ಡಬ್ಲ್ಯೂ-50 ಸುರಿದರೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಕ್ಯಾಮ್‌ಶಾಫ್ಟಿಗೆ ಅದು ತಡವಾಗಿ ಮುಟ್ಟುತ್ತದೆ. ಎಂಜಿನ್ ಹೆಚ್ಚು ಸವೆಯುವುದೇ ಆ ಹೊತ್ತಿನಲ್ಲಿ. ಮೈಲೇಜೂ ಇಳಿಯುತ್ತದೆ.

ಅಜ್ಜಂಪುರದಿಂದ ಈರುಳ್ಳಿ ಹೇರಿಕೊಂಡು ಹೊರಡುವ ಪಿಕಪ್, ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಹತ್ತುವ ಜೀಪು, ಇವುಗಳ ಮಾತು ಬೇರೆ. ಭಾರ ಹೊತ್ತು ಫಸ್ಟು, ಸೆಕೆಂಡ್ ಗೇರಿನಲ್ಲೇ ಏರುವಾಗ ಆಯಿಲ್ ಇನ್ನಷ್ಟು ಕಾದು ತೆಳುವಾಗುತ್ತದೆ. ಗಾಡಿಯ ಪುಸ್ತಕದಲ್ಲಿ ಎರಡು ಗ್ರೇಡ್ ಕೊಟ್ಟಿದ್ದರೆ ಮಂದದ್ದನ್ನು ಹಾಕಿಸಿ. ಪುಸ್ತಕ ದಾಟಿ ಹೋಗಬೇಡಿ.

ಸದ್ದು ಕಡಿಮೆಯಾಗಲಿ ಅಂತ ಮಾತ್ರ ಮಂದ ಆಯಿಲ್ ಬೇಡ, ದಯವಿಟ್ಟು. ಸದ್ದು ಅಡಗುತ್ತದೆ, ಒಳಗಿನ ಸವೆತ ರಿಪೇರಿಯಾಗುವುದಿಲ್ಲ.

ಹಾಂ, ಬೈಕಿಗೆ ಕಾರಿನ ಆಯಿಲ್ ಹಾಕಬೇಡಿ. ಹೆಚ್ಚಿನ ಬೈಕುಗಳ ಕ್ಲಚ್ಚು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ, ಜಾರತೊಡಗಬಹುದು. ಗೇರ್ ಬೈಕಾದರೆ ಡಬ್ಬದ ಮೇಲೆ ಜಾಸೋ ಎಂಎ ಗುರುತು ನೋಡಿ ತಗೊಳ್ಳಿ.