ದಳದೊಳಗೆ ಯಾರು, ಹೊರಗೆ ಯಾರು?

ಸ್ಕೌಟ್ಸ್ ಅಂಡ್ ಗೈಡ್ಸ್ ಸೇರಿದ ಪ್ರತಿ ಮಗುವಿಗೂ ಒಂದಿಷ್ಟು ಇಸವಿಗಳು ಬಾಯಿಪಾಠ ಬರಬೇಕು. 1907, ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ. 1909, ಭಾರತದಲ್ಲಿ ಸ್ಕೌಟಿಂಗ್ ಆರಂಭ. 1950ರ ನವೆಂಬರ್ 7, ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸ್ಥಾಪನೆ. ಲಾಗ್ ಬುಕ್ಕಿನಲ್ಲಿ ಬರೆದು, ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಇತಿಹಾಸ ಮುಗಿಯಿತು. ಇದರಲ್ಲಿ 1909ಕ್ಕೆ ಮಾತ್ರ ನಾವು ಸ್ವಲ್ಪ ಹೆಚ್ಚೇ ಎದೆಯುಬ್ಬಿಸುತ್ತೇವೆ. ಕ್ಯಾಪ್ಟನ್ ಟಿ.ಎಚ್. ಬೇಕರ್ ದೇಶದ ಮೊದಲ ಸ್ಕೌಟ್ ದಳ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ತಾನೆ!

ಆ ದಳದಲ್ಲಿ ಯಾರಿದ್ದರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಇದ್ದವರು ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳು. ಮುಂದೆ ಕಿರ್ಕಿ, ಶಿಮ್ಲಾ, ಮದ್ರಾಸ್, ಜಬಲ್ಪುರಗಳಲ್ಲಿ ಹುಟ್ಟಿಕೊಂಡ ದಳಗಳ ಕಥೆಯೂ ಅದೇ. ಚಿಕ್ಕಪೇಟೆಯ ಹುಡುಗನೋ ಬಸವನಗುಡಿಯ ಹುಡುಗನೋ ತನ್ನ ಊರಿನ ದಳಕ್ಕೇ ಸೇರುವಂತಿರಲಿಲ್ಲ. ತಮಾಷೆಯೆಂದರೆ, ಸ್ಕೌಟ್ ಎಲ್ಲರ ಮಿತ್ರ, ಎದುರಿನ ಸ್ಕೌಟ್ ಯಾವ ಸಾಮಾಜಿಕ ವರ್ಗದವನಾದರೂ ಅವನಿಗೆ ಸಹೋದರ ಎಂಬ ನಿಯಮವನ್ನು ಬೇಡನ್ ಪೊವೆಲ್ 1908ರಲ್ಲೇ ಬರೆದಿಟ್ಟಿದ್ದರು. ಬ್ರೌನ್‌ಸೀ ಶಿಬಿರಕ್ಕೆ ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯುವ ವರ್ಗದ ಹುಡುಗರನ್ನೂ ಬೇಕೆಂದೇ ಬೆರೆಸಿ ಕರೆದೊಯ್ದಿದ್ದರು. ಇಂಗ್ಲೆಂಡಿನಲ್ಲಿ ವರ್ಗದ ಗೋಡೆ ದಾಟಿದ ಆ ಆಲೋಚನೆ ಹಡಗು ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಬಣ್ಣದ ಗೋಡೆ ಕಟ್ಟಿಕೊಂಡಿತ್ತು.

ಹೊರಗೆ ನಿಂತವರು ಸುಮ್ಮನೆ ಕೂರಲಿಲ್ಲ. 1913ರಲ್ಲಿ ಶ್ರೀರಾಮ ಬಾಜಪೇಯಿ ಶಹಜಹಾನ್‌ಪುರದಲ್ಲಿ ತಾವೇ ಒಂದು ದಳ ಕಟ್ಟಿದರು. 1916ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಭಾರತೀಯ ಹುಡುಗರಿಗೆಂದೇ ಸಂಸ್ಥೆ ತೆರೆದರು. ಟೋಪಿಯ ಬದಲು ಪೇಟ, ಇಂಗ್ಲಿಷ್ ಹಾಡಿನ ಬದಲು ನಮ್ಮ ಹಾಡು. ಮರುವರ್ಷವೇ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮತ್ತು ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಆರಂಭಿಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಎಲ್ಲರೂ ಒಂದಾಗೋಣ ಎಂಬ ಮಾತು ನಡೆಯಿತು. ಬೆಸೆಂಟರ ಸಂಸ್ಥೆ ಒಪ್ಪಿತು, ಸೇವಾ ಸಮಿತಿ ಒಪ್ಪಲಿಲ್ಲ. ಬ್ರಿಟಿಷ್ ದೊರೆಗೆ ನಿಷ್ಠನಾಗಿರುತ್ತೇನೆ ಎಂದು ಪ್ರತಿಜ್ಞೆ ಮಾಡುವುದು ಅವರಿಗೆ ಬೇಡವಾಗಿತ್ತು. ಬಾಗಿಲು ತೆರೆದಿದೆ, ಆದರೆ ತಲೆ ಬಗ್ಗಿಸಿ ಬನ್ನಿ ಎಂದರೆ ಅದೆಂಥ ಸ್ವಾಗತ? ಮುಂದೆ ಬೇಡನ್ ಪೊವೆಲ್ ಭಾರತೀಯರ ಬಗ್ಗೆ ಆಡಿದ ಹಗುರ ಮಾತುಗಳು ಸಿಟ್ಟೆಬ್ಬಿಸಿ 1938ರಲ್ಲಿ ಹಿಂದುಸ್ತಾನ್ ಸ್ಕೌಟ್ ಅಸೋಸಿಯೇಷನ್ ಹುಟ್ಟಿತು. ಎಲ್ಲರೂ ಒಂದೇ ಧ್ವಜದ ಕೆಳಗೆ ಬಂದದ್ದು ಸ್ವಾತಂತ್ರ್ಯ ಬಂದು ಮೂರು ವರ್ಷ ಕಳೆದ ಮೇಲೆ. ಗರ್ಲ್ ಗೈಡ್ಸ್ ಸೇರಿದ್ದು 1951ರ ಆಗಸ್ಟ್ 15ರಂದು.

ನಾನು ಪದವಿ ಓದುತ್ತಿರುವ ರೇಂಜರ್. ನಮ್ಮ ಊರಿನ ಸರ್ಕಾರಿ ಪ್ರೌಢಶಾಲೆಯ ಗೈಡ್ ಕಂಪನಿಗೆ ಶನಿವಾರಗಳಂದು ಸಹಾಯ ಮಾಡಲು ಹೋಗುತ್ತೇನೆ. ಈ ಹಳೆಯ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಅದೇ. ಇವತ್ತು ಯಾರನ್ನೂ ಬಣ್ಣ ನೋಡಿ ಹೊರಗಿಡುವುದಿಲ್ಲ. ನಿಯಮ ಪುಸ್ತಕ ಜಾತಿ, ಧರ್ಮ, ಹುಟ್ಟು ಯಾವುದನ್ನೂ ಕೇಳುವುದಿಲ್ಲ. ಆದರೂ ಶನಿವಾರ ಮಧ್ಯಾಹ್ನ ಮೈದಾನದಲ್ಲಿ ನಿಂತು ನೋಡಿದರೆ, ಬೇಲಿಯಾಚೆ ನಿಂತು ನೋಡುವ ಮಕ್ಕಳು ಇದ್ದೇ ಇರುತ್ತಾರೆ. ಯಾರೂ ಅವರನ್ನು ಬೇಡ ಎಂದಿರುವುದಿಲ್ಲ. ಬಾ ಎಂದಿರುವುದೂ ಇಲ್ಲ.

ಮೊದಲ ಅಡ್ಡಿ ಸಮವಸ್ತ್ರ. ಎಲ್ಲರೂ ಒಂದೇ ಥರ ಕಾಣಲಿ, ಯಾರ ಮನೆಯ ಬಡತನವೂ ಬಟ್ಟೆಯಲ್ಲಿ ಕಾಣದಿರಲಿ ಎಂಬುದಕ್ಕೇ ಸಮವಸ್ತ್ರ ಇರುವುದು. ಆದರೆ ಬಟ್ಟೆ, ಸ್ಕಾರ್ಫ್, ವಾಗಲ್, ಬೆಲ್ಟ್, ಶೂ ಎಲ್ಲ ಸೇರಿದರೆ ಕೂಲಿಗೆ ಹೋಗುವ ತಾಯಿಯ ಎಷ್ಟು ದಿನದ ದುಡಿಮೆ ಅದು! ಹಾಗಾಗಿ ಬಡತನ ಬಟ್ಟೆಯಲ್ಲಿ ಕಾಣುವುದಿಲ್ಲ ಎನ್ನುವುದು ನಿಜ. ಬಡವರ ಮಗಳು ಸಾಲಿನಲ್ಲೇ ಇರುವುದಿಲ್ಲವಲ್ಲ. ನಮ್ಮ ಗೈಡ್ ಕ್ಯಾಪ್ಟನ್ ಮೇಡಂ ಸ್ಟಾಫ್ ರೂಮಿನಲ್ಲಿ ಒಂದು ಟ್ರಂಕ್ ಇಟ್ಟಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರು ತಮ್ಮ ಸಮವಸ್ತ್ರ ಒಗೆದು, ಇಸ್ತ್ರಿ ಮಾಡಿ ಅದರಲ್ಲಿಟ್ಟು ಹೋಗಬೇಕು. ಹೊಸದಾಗಿ ಸೇರುವವರು, ಕೊಳ್ಳುವ ಶಕ್ತಿ ಇದ್ದವರೂ ಇಲ್ಲದವರೂ, ಮೊದಲ ವರ್ಷ ಟ್ರಂಕಿನದ್ದನ್ನೇ ತೊಡಬೇಕು. ಯಾರಿಗೋ ದಾನ ಕೊಟ್ಟಂತಲ್ಲ, ಎಲ್ಲರಿಗೂ ಅದೇ ಪದ್ಧತಿ. ನನ್ನ ಹಳೆಯ ಬೆಲ್ಟ್ ಈಗ ಯಾರ ಸೊಂಟದಲ್ಲಿದೆಯೋ ಗೊತ್ತಿಲ್ಲ.

ಇನ್ನೊಂದು ಅಡ್ಡಿಯ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವು ಕಡೆ ದಳಕ್ಕೆ ಮಕ್ಕಳನ್ನು ಆರಿಸುವಾಗ ಆಗಸ್ಟ್ 15ರ ಪರೇಡ್ ಕಣ್ಣ ಮುಂದಿರುತ್ತದೆ. ಎತ್ತರದವರು, ಚುರುಕಾದವರು, ಹೇಳಿದ್ದು ತಕ್ಷಣ ಮಾಡುವವರು ಮೊದಲು. ಕುಂಟುವ ಹುಡುಗ, ತೊದಲುವ ಹುಡುಗಿ ತಾವಾಗಿಯೇ ಹಿಂದಿನ ಬೆಂಚಿಗೆ ಸರಿಯುತ್ತಾರೆ.

ಹೋದ ವರ್ಷ ನಮ್ಮ ಕಂಪನಿಗೆ ಎಂಟನೇ ತರಗತಿಯ ಒಬ್ಬಳು ಬಂದಳು. ಕಿವಿಗೆ ಯಂತ್ರ ಹಾಕಿಕೊಂಡಿರುತ್ತಾಳೆ. ಹತ್ತಿರ ಕೂತು, ಮುಖ ನೋಡಿ ಮಾತಾಡಿದರೆ ಅರ್ಥವಾಗುತ್ತದೆ. ಮೈದಾನದಲ್ಲಿ ಗಾಳಿ ಬೀಸಿದರೆ ಯಂತ್ರದಲ್ಲಿ ಬರೀ ಸದ್ದು. ಅವಳನ್ನು ಮಲ್ಲಿಗೆ ಪೆಟ್ರೋಲ್‌ಗೆ ಹಾಕಿದರು. (ಆರರಿಂದ ಎಂಟು ಮಕ್ಕಳ ಗುಂಪಿಗೆ ಪೆಟ್ರೋಲ್ ಎನ್ನುತ್ತೇವೆ. ಬಂಕಿನ ಪೆಟ್ರೋಲ್ ಅಲ್ಲ. ಈ ಜೋಕನ್ನು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಹೇಳುತ್ತಾರೆ.) ತೊಂದರೆ ಶುರುವಾದದ್ದು ಶಿಳ್ಳೆಯಿಂದ. ನಮ್ಮಲ್ಲಿ ಎಲ್ಲಕ್ಕೂ ಶಿಳ್ಳೆ. ಒಂದು ಉದ್ದ ಶಿಳ್ಳೆಗೆ ಇದ್ದಲ್ಲೇ ಸುಮ್ಮನೆ ನಿಲ್ಲಬೇಕು. ಚಿಕ್ಕ ಚಿಕ್ಕ ಶಿಳ್ಳೆ ಸಾಲಾಗಿ ಬಂದರೆ ಓಡಿ ಬಂದು ಸೇರಬೇಕು. ಮೂರು ಚಿಕ್ಕದು, ಒಂದು ಉದ್ದ ಕೇಳಿದರೆ ಪೆಟ್ರೋಲ್ ಲೀಡರ್‌ಗಳು ಮಾತ್ರ ಬರಬೇಕು. ಕೊನೆಗೆ ಬಂದು ಸೇರುವ ಪೆಟ್ರೋಲ್‌ಗೆ ಅಂಕ ಕಡಿತ. ಮಲ್ಲಿಗೆಯವರು ಮೂರು ವಾರ ಸತತವಾಗಿ ಅಂಕ ಕಳೆದುಕೊಂಡರು. ನಾಲ್ಕನೇ ವಾರ ಗೊಣಗಾಟ ಕೇಳಿಬಂತು. ಐದನೇ ವಾರ ಅವಳ ಅಮ್ಮ ಬಂದು, 'ಮೇಡಂ, ಇವಳಿಂದ ಎಲ್ಲರಿಗೂ ತೊಂದರೆ ಆಗ್ತಾ ಐತಂತೆ. ಹೆಸರು ತೆಗೆದುಬಿಡ್ರಿ' ಎಂದರು.

ಮೇಡಂ ಹೆಸರು ತೆಗೆಯಲಿಲ್ಲ. ಶಿಳ್ಳೆ ತೆಗೆದಿಟ್ಟರು. 'ಒಂದು ತಿಂಗಳು ಶಿಳ್ಳೆ ಇಲ್ಲ. ಕೈ ಸನ್ನೆ ಮಾತ್ರ' ಎಂದರು. ಆಗ ನನಗೆ ಹೊಳೆದದ್ದು, ನಮ್ಮ ತರಬೇತಿಯ ಅರ್ಧದಷ್ಟು ಮೊದಲಿನಿಂದಲೂ ಸದ್ದಿಲ್ಲದ ಭಾಷೆಯೇ. ಎರಡೂ ಕೈಗಳನ್ನು ಅಕ್ಕಪಕ್ಕ ಚಾಚಿದರೆ ಒಂದು ಸಾಲಿನಲ್ಲಿ ನಿಲ್ಲಬೇಕು, ಮುಂದೆ ಅರ್ಧ ಸುತ್ತು ಬೀಸಿದರೆ ಕುದುರೆ ಲಾಳದ ಆಕಾರದಲ್ಲಿ. ದೂರದವರೊಡನೆ ಮಾತಾಡಲು ಬಾವುಟದ ಸೆಮಾಫೋರ್. ಕಾಡಿನಲ್ಲಿ ದಾರಿ ತೋರಿಸಲು ಕಲ್ಲು, ಕಡ್ಡಿ, ಬಾಣದ ಗುರುತು. ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರೆ 'ನಾನು ಮನೆಗೆ ಹೋಗಿದ್ದೇನೆ' ಎಂದರ್ಥ. ಇಷ್ಟೆಲ್ಲ ಕಲಿಸಿದ ನಾವೇ ಒಬ್ಬ ಹುಡುಗಿಗೆ ಕೇಳಿಸುವುದಿಲ್ಲ ಎಂದು ಕೈಚೆಲ್ಲಿ ಕೂತಿದ್ದೆವು. ಮಲ್ಲಿಗೆಯವರು ತಮ್ಮದೇ ಒಂದು ನಿಯಮ ಸೇರಿಸಿಕೊಂಡರು. ಸನ್ನೆ ನೋಡಿದವರು ತಾವೂ ಕೈ ಎತ್ತಬೇಕು, ಪಕ್ಕದವರ ಭುಜ ಮುಟ್ಟಬೇಕು. ತಿಂಗಳಲ್ಲಿ ನಾಲ್ಕೂ ಪೆಟ್ರೋಲ್‌ಗಳು ಅದನ್ನೇ ಅನುಸರಿಸಿದವು, ಮೈದಾನದ ಗಲಾಟೆ ಅರ್ಧಕ್ಕರ್ಧ ಇಳಿಯಿತು. ಪಕ್ಕದ ಹತ್ತನೇ ತರಗತಿಗೆ ಶನಿವಾರದ ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುವ ಗಣಿತದ ಮೇಷ್ಟ್ರಿಗೆ ಇದರಿಂದ ಆದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಿಕ್ಕಿಲ್ಲ.

ಅವಳ ಬಗ್ಗೆ ಪವಾಡದ ಕಥೆ ಹೇಳುವುದಿಲ್ಲ. ಅವಳು ಹಾಕುವ ಗಂಟುಗಳು ಉಳಿದವರ ಗಂಟುಗಳಷ್ಟೇ ಸಡಿಲ. ಕ್ಲೋವ್ ಹಿಚ್ ಇನ್ನೂ ಬರುವುದಿಲ್ಲ. ಶಿಬಿರಾಗ್ನಿ ಅವಳಿಗೆ ಈಗಲೂ ಕಷ್ಟವೇ. ಕತ್ತಲಲ್ಲಿ ತುಟಿಗಳು ಕಾಣುವುದಿಲ್ಲ, ನಾಟಕದ ಮಾತಿಗೆ ಎಲ್ಲರೂ ನಕ್ಕಾಗ ಅವಳು ಒಂದು ಗಳಿಗೆ ತಡವಾಗಿ ನಗುತ್ತಾಳೆ. ಅದಕ್ಕೆ ನಮ್ಮಲ್ಲಿ ಉಪಾಯ ಇನ್ನೂ ಸಿಕ್ಕಿಲ್ಲ.

ಶಿಬಿರ ಎಂದಾಗ ಹೆಣ್ಣುಮಕ್ಕಳ ವಿಷಯ ಬರಲೇಬೇಕು. ಗೈಡಿಂಗ್ ಶುರುವಾದದ್ದೇ ಕರೆಯದೆ ಬಂದ ಹುಡುಗಿಯರಿಂದ. 1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹುಡುಗರ ದೊಡ್ಡ ಸ್ಕೌಟ್ ಮೇಳ ನಡೆಯುತ್ತಿದ್ದಾಗ, ಒಂದಷ್ಟು ಹುಡುಗಿಯರು ಸ್ಕೌಟ್ ವೇಷ ತೊಟ್ಟು ನೇರ ಬಂದು ನಿಂತರು. ನಾವೂ ಸ್ಕೌಟ್‌ಗಳೇ ಎಂದರು. ಮರುವರ್ಷ ಬೇಡನ್ ಪೊವೆಲ್‌ರ ತಂಗಿ ಆಗ್ನೆಸ್ ಮುಂದಾಳತ್ವದಲ್ಲಿ ಗರ್ಲ್ ಗೈಡ್ಸ್ ಆರಂಭವಾಯಿತು. 'ಗೈಡ್ಸ್' ಎಂಬ ಹೆಸರು ಬಂದದ್ದು ಭಾರತದ ವಾಯವ್ಯ ಗಡಿಯಲ್ಲಿದ್ದ ಸೇನಾ ತುಕಡಿಯೊಂದರಿಂದ ಎಂಬುದು ಎಷ್ಟೋ ಗೈಡ್‌ಗಳಿಗೇ ಗೊತ್ತಿಲ್ಲ.

ಕರೆಯದೆ ಬಂದು ನಿಲ್ಲುವ ಧೈರ್ಯ ನಮ್ಮ ಹುಡುಗಿಯರಿಗೂ ಇದೆ. ಆದರೆ ಮನೆಯಿಂದ ಕಳುಹಿಸಬೇಕಲ್ಲ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ದಾವಣಗೆರೆ ಬಳಿಯ ಕೊಂಡಜ್ಜಿ, ಎಲ್ಲೇ ಶಿಬಿರ ಎಂದರೂ ಅನುಮತಿ ಪತ್ರದ ಮೇಲೆ ಸಹಿ ಬೀಳುವುದು ಒಂದು ಯುದ್ಧ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಹುಡುಗರು ಹೆಸರು ಕೊಟ್ಟು ಬಂದರು, ಹುಡುಗಿಯರು ಮನೆಗೆ ಹೋಗಿ ಕೇಳಿ ಬರುತ್ತೇವೆ ಎಂದರು. ಇಂಥ ತಾಯಂದಿರನ್ನು ಹಿಂದುಳಿದವರು ಎಂದು ಬೈಯುವುದು ಸುಲಭ. ಅವರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದೇನೆ. ಕಕ್ಕಸಿಗೆ ಬಾಗಿಲು ಇರುತ್ತಾ? ಮುಟ್ಟಾದರೆ ಏನು ಮಾಡುತ್ತಾಳೆ? ರಾತ್ರಿ ಜೊತೆಗೆ ಯಾವ ಟೀಚರ್ ಮಲಗುತ್ತಾರೆ? ಇವು ಅನುಮಾನದ ಪ್ರಶ್ನೆಗಳಲ್ಲ, ವ್ಯವಸ್ಥೆಯ ಪ್ರಶ್ನೆಗಳು. ಶಿಬಿರದ ಸುತ್ತೋಲೆಯಲ್ಲಿ ತಟ್ಟೆ, ಲೋಟ, ಟಾರ್ಚ್, ಹಗ್ಗ ತನ್ನಿ ಎಂಬ ಪಟ್ಟಿಯ ಪಕ್ಕದಲ್ಲೇ ಈ ಮೂರಕ್ಕೂ ಉತ್ತರ ಬರೆದು ಕಳಿಸಿದರೆ ಅರ್ಧ ಯುದ್ಧ ನಿಲ್ಲುತ್ತದೆ. ಮೇಡಂ ಈಗ ಹಾಗೇ ಮಾಡುತ್ತಾರೆ.

ಅಡುಗೆಯ ವಿಷಯ ಬರೆಯಲೋ ಬೇಡವೋ ಎಂದುಕೊಂಡೆ. ನಾನು ಗೈಡ್ ಆಗಿದ್ದಾಗ ಹೋದ ಒಂದು ಶಿಬಿರದಲ್ಲಿ ಪೆಟ್ರೋಲ್‌ಗಳೇ ಸರದಿಯಂತೆ ಒಲೆ ಹೂಡಿ ಅಡುಗೆ ಮಾಡಬೇಕಿತ್ತು. ಒಬ್ಬಳ ಸರದಿ ಬಂದ ರಾತ್ರಿ, ಅವಳದೇ ಪೆಟ್ರೋಲಿನ ಇಬ್ಬರು ಹೊಟ್ಟೆನೋವು ಎಂದು ಬಿಸ್ಕತ್ತು ತಿಂದು ಮಲಗಿದರು. ಅವಳು ಊರಿನ ಯಾವ ಕೇರಿಯವಳು ಎಂದು ನಾನು ಹೇಳಬೇಕಿಲ್ಲ, ನಿಮಗೆ ತಿಳಿದಿರುತ್ತದೆ. ಶಿಬಿರದ ನಾಯಕರೊಬ್ಬರು ವಿಷಯ ದೊಡ್ಡದು ಮಾಡಬೇಡಿ, ಅವಳಿಗೆ ನೀರು ತರುವ ಕೆಲಸ ಕೊಡಿ ಎಂದರು. ನಮ್ಮ ಮೇಡಂ ಒಪ್ಪಲಿಲ್ಲ. ಭಾಷಣವನ್ನೂ ಮಾಡಲಿಲ್ಲ. ಮರುದಿನದ ಪಟ್ಟಿಯಲ್ಲಿ ಆ ಇಬ್ಬರನ್ನೂ ಅವಳ ಜೊತೆಗೇ ಹಾಕಿದರು. ಒಬ್ಬಳು ಅಕ್ಕಿ ತೊಳೆಯಬೇಕು, ಒಬ್ಬಳು ಒಗ್ಗರಣೆ ಹಾಕಬೇಕು, ಇವಳು ಸಾರು ಕುದಿಸಬೇಕು. ಅಂದು ಹೈಕ್ ಮುಗಿಸಿ ಬಂದವರಿಗೆ ಎಂಥ ಹಸಿವೆಂದರೆ, ಮೇಡಂ ಮೊದಲ ತುತ್ತು ತಿಂದದ್ದೇ ತಡ, ಪಾತ್ರೆ ಬರಿದಾಯಿತು. ಆ ಇಬ್ಬರೂ ಉಂಡರು. ಮನೆಗೆ ಹೋದ ಮೇಲೆ ಅವರು ಅದನ್ನು ಹೇಳಿಕೊಂಡರೋ ಇಲ್ಲವೋ. ಐದು ದಿನದ ಶಿಬಿರ ಊರಿನ ಲೆಕ್ಕವನ್ನೆಲ್ಲ ಅಳಿಸುತ್ತದೆ ಎಂದು ನಾನು ನಂಬಿಲ್ಲ. ಆದರೆ ನೀರು ತರುವ ಕೆಲಸ ಕೊಟ್ಟಿದ್ದರೆ ಊರಿನ ಲೆಕ್ಕಕ್ಕೇ ನಾವು ಸ್ಕಾರ್ಫ್ ತೊಡಿಸಿದಂತಾಗುತ್ತಿತ್ತು.

ಬೇರೆ ದೇಶಗಳಲ್ಲೂ ಈ ಜಗ್ಗಾಟ ನಡೆದೇ ಇದೆ. ದಕ್ಷಿಣ ಆಫ್ರಿಕಾದಲ್ಲಿ ಬಣ್ಣದ ಪ್ರಕಾರ ಬೇರೆಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು ಒಂದಾದದ್ದು 1977ರಲ್ಲಿ, ವರ್ಣಭೇದದ ಸರ್ಕಾರ ಇನ್ನೂ ಇದ್ದಾಗಲೇ. ಅಮೆರಿಕದ ಬಾಯ್ ಸ್ಕೌಟ್ಸ್ ತನ್ನ ಮುಖ್ಯ ವಿಭಾಗಕ್ಕೆ ಹುಡುಗಿಯರನ್ನು ಸೇರಿಸಿಕೊಂಡದ್ದು 2019ರಲ್ಲಿ. 2025ರಲ್ಲಿ ಹೆಸರನ್ನೂ ಸ್ಕೌಟಿಂಗ್ ಅಮೆರಿಕ ಎಂದು ಬದಲಿಸಿಕೊಂಡಿತು. ಬ್ರಿಟನ್ನಿನಲ್ಲಿ ದೇವರನ್ನು ನಂಬದವರಿಗೆಂದು 2014ರಿಂದ ಪ್ರತಿಜ್ಞೆಯ ಇನ್ನೊಂದು ಪಾಠ ಇದೆ. ನಮ್ಮ ಪ್ರತಿಜ್ಞೆಯಲ್ಲೂ 'ದೇವರು' ಎಂಬಲ್ಲಿ ಬೇಕಾದವರು 'ಧರ್ಮ' ಎಂದು ಹೇಳಬಹುದೆಂಬ ಅವಕಾಶ ಇದೆ. ದೇವರ ಕಲ್ಪನೆಯನ್ನೇ ಮುಂದಿಡದ ಬೌದ್ಧ, ಜೈನ ಮನೆಯ ಮಕ್ಕಳಿರುವ ದೇಶಕ್ಕೆ ಇದು ಬಹಳ ಹೊಂದುವ ಏರ್ಪಾಡು. ಎಷ್ಟು ದಳಗಳಲ್ಲಿ ದೀಕ್ಷೆಗೆ ಮೊದಲು ಮಕ್ಕಳಿಗೆ ಇದನ್ನು ತಿಳಿಸುತ್ತಾರೆ? ನನಗೆ ಗೊತ್ತಾದದ್ದು ರೇಂಜರ್ ಆದ ಮೇಲೆ, ಅದೂ ಗ್ರಂಥಾಲಯದಲ್ಲಿ ನಿಯಮ ಪುಸ್ತಕ ತಿರುವಿದಾಗ.

ಇನ್ನೆರಡು ವಾರಕ್ಕೆ ನಮ್ಮಲ್ಲಿ ಹೊಸ ಮಕ್ಕಳ ದೀಕ್ಷೆ ಇದೆ. ಟ್ರಂಕಿನಿಂದ ಸಮವಸ್ತ್ರ ತೆಗೆದು ಬಿಸಿಲಿಗೆ ಹಾಕಿದ್ದೇವೆ, ಎರಡಕ್ಕೆ ಗುಂಡಿ ಹೊಲಿಯಬೇಕು. ಹೊಸಬರಿಗೆ ಕೈ ಸನ್ನೆ ಕಲಿಸುವ ಕೆಲಸವನ್ನು ಈ ಸಲ ಮಲ್ಲಿಗೆ ಪೆಟ್ರೋಲ್‌ನ ಲೀಡರ್‌ಗೆ ವಹಿಸಲಾಗಿದೆ. ಲೀಡರ್ ಯಾರೆಂದರೆ, ಅಮ್ಮ ಹೆಸರು ತೆಗೆಸಲು ಬಂದಿದ್ದರಲ್ಲ, ಅವಳೇ. ತಪ್ಪು ಮಾಡಿದವರಿಗೆ ಹತ್ತು ಸಲ ಮಾಡಿಸುತ್ತಾಳಂತೆ, ಬಹಳ ಸ್ಟ್ರಿಕ್ಟ್ ಎಂದು ಆರನೇ ತರಗತಿಯ ಮಕ್ಕಳು ಈಗಾಗಲೇ ದೂರು ತಂದಿದ್ದಾರೆ.