ಪಿಕಪ್ ಕುಗ್ಗಿದ ಕಾರು: ಅಗ್ಗದ ತಪಾಸಣೆಯೇ ಮೊದಲಾಗಲಿ

ಕಾರ್ಖಾನೆಯ ಯಂತ್ರದ ವೇಗ ಕುಗ್ಗಿದರೆ ಮಾಲೀಕರು ಅಂದೇ ಕಾರಣ ಹುಡುಕುತ್ತಾರೆ. ಅದೇ ಸಂಸ್ಥೆಯ ಕಾರು ಆಕ್ಸಿಲರೇಟರ್ ಒತ್ತಿದರೂ ವೇಗ ಹಿಡಿಯದಿದ್ದರೆ, ವಾಹನ ಹಳೆಯದಾಯಿತೆಂದು ತಿಂಗಳುಗಟ್ಟಲೆ ಹಾಗೆಯೇ ಓಡಿಸುತ್ತಾರೆ. ಕೊನೆಗೆ ಎಂಜಿನ್ ಬಿಚ್ಚಿಸುವ ಅಥವಾ ಕಾರನ್ನೇ ಮಾರುವ ತೀರ್ಮಾನಕ್ಕೆ ಬರುತ್ತಾರೆ. ಇದು ಕೇವಲ ಇಂಧನ ವೆಚ್ಚದ ಪ್ರಶ್ನೆಯಲ್ಲ. ಘಟ್ಟದ ಏರಿನಲ್ಲಿ ಲಾರಿಯನ್ನು ಹಿಂದಿಕ್ಕಲು ಹೊರಟ ಕಾರು ನಡುವೆ ಸೊರಗಿದರೆ ಪ್ರಾಣಕ್ಕೇ ಅಪಾಯ. ಆದರೆ ಪಿಕಪ್ ಕುಗ್ಗಲು ಎಷ್ಟೋ ವೇಳೆ ಕಾರಣವಾಗುವುದು ಅಲ್ಪ ಬೆಲೆಯ ಬಿಡಿಭಾಗ.

ಎಂಜಿನ್ನಿಗೆ ಗಾಳಿ ಮತ್ತು ಇಂಧನ ಬೇಕು. ಪೆಟ್ರೋಲ್ ಎಂಜಿನ್ನಿಗೆ ಸಕಾಲದ ಕಿಡಿಯೂ ಬೇಕು. ಎಥೆನಾಲ್ ಬೆರೆಯದ ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಅಗತ್ಯ. ಆದ್ದರಿಂದ ಧೂಳು ತುಂಬಿದ ಏರ್ ಫಿಲ್ಟರನ್ನೇ ಮೊದಲು ನೋಡಬೇಕು. ಕಟ್ಟಿಕೊಂಡ ಇಂಧನ ಫಿಲ್ಟರ್, ದುರ್ಬಲ ಪಂಪ್ ಹಾಗೂ ಕೊಳೆಯಾದ ಇಂಜೆಕ್ಟರ್ ಇಂಧನದ ಹರಿವನ್ನು ತಗ್ಗಿಸುತ್ತವೆ. ಸವೆದ ಸ್ಪಾರ್ಕ್ ಪ್ಲಗ್ ಇದ್ದರೆ ಕಾರು ಜಗ್ಗಿ ಜಗ್ಗಿ ಓಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಟರ್ಬೋದ ರಬ್ಬರ್ ಪೈಪು ಬಿರಿದಿದ್ದರೆ ಕಪ್ಪು ಹೊಗೆಯೊಡನೆ ಶಕ್ತಿ ಇಳಿಯುತ್ತದೆ.

ಎಂಜಿನ್ ಸುಸ್ಥಿತಿಯಲ್ಲಿದ್ದರೂ ಶಕ್ತಿ ಚಕ್ರಕ್ಕೆ ತಲುಪದಿರಬಹುದು. ಎಂಜಿನ್ನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದು ಜಾರುತ್ತಿದೆ ಎಂದು ಶಂಕಿಸಬೇಕು. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಕಾದಿದ್ದರೆ, ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಂಭವವಿದೆ. ಟೈರಿನ ಗಾಳಿ ಕಡಿಮೆಯಾಗುವುದು, ಮಿತಿಮೀರಿ ಸರಕು ತುಂಬುವುದು ಸಹ ಇದೇ ಪರಿಣಾಮ ಬೀರುತ್ತವೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಪೇಟೆಯೊಳಗಿನ ಅಲ್ಪ ದೂರದ ಓಡಾಟವೇ ಹೆಚ್ಚಾದರೆ ಆ ಮಸಿ ಉರಿದುಹೋಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಎಚ್ಚರಿಕೆಯ ದೀಪ ಉರಿಯುತ್ತದೆ. ಎಂಜಿನ್ನನ್ನು ರಕ್ಷಿಸಲು ಕಾರಿನ ಕಂಪ್ಯೂಟರೇ ಶಕ್ತಿಯನ್ನು ಮಿತಗೊಳಿಸುವುದೂ ಉಂಟು. ಸ್ಕ್ಯಾನರ್ ತೋರಿಸುವ ಕೋಡ್ ದೋಷವಿರುವ ವಿಭಾಗವನ್ನು ಸೂಚಿಸುತ್ತದೆಯೇ ಹೊರತು ಕೆಟ್ಟ ಬಿಡಿಭಾಗವನ್ನೇ ಅಲ್ಲ. ಸೆನ್ಸರ್ ಬದಲಾಯಿಸುವ ಮೊದಲು ಅದರ ವೈರು, ಕನೆಕ್ಟರ್‌ಗಳನ್ನು ಪರೀಕ್ಷಿಸಬೇಕು.

ಲೆಕ್ಕಪರಿಶೋಧನೆಯಂತೆ ಇಲ್ಲಿಯೂ ಕ್ರಮ ಮುಖ್ಯ: ಟೈರು, ಬ್ರೇಕು, ಏರ್ ಫಿಲ್ಟರ್, ಬಳಿಕ ಪ್ಲಗ್, ಇಂಧನ ಫಿಲ್ಟರ್, ಆಮೇಲೆ ಸ್ಕ್ಯಾನರ್. ಎಂಜಿನ್ ಬಿಚ್ಚಲು ಒಪ್ಪಿಗೆ ನೀಡುವ ಮುನ್ನ ಕಂಪ್ರೆಷನ್ ಪರೀಕ್ಷೆಯ ಅಂಕಿಗಳನ್ನು ಲಿಖಿತವಾಗಿ ಪಡೆಯುವುದು ಲೇಸು. ಹದಿಮೂರಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನವನ್ನು ಸಂಸ್ಥೆಯ ಓಡಾಟಕ್ಕೆ ಬಳಸಿದಾಗ, ಅದರ ರಿಪೇರಿಗೆ ತೆತ್ತ ಜಿಎಸ್‌ಟಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮಾ ದೊರೆಯದು. ಆದಕಾರಣ ಅನಗತ್ಯ ರಿಪೇರಿಯ ಬಿಲ್ಲು ತೆರಿಗೆಸಹಿತ ಮಾಲೀಕರ ಮೇಲೆಯೇ ಬೀಳುತ್ತದೆ.

ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ದಿನಾಂಕ, ಓಡಿದ ಕಿಲೋಮೀಟರ್, ಲೀಟರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಸಂಸ್ಥೆಗೆ, ಚಾಲಕ ದೂರುವ ಮೊದಲೇ ಆ ಪುಸ್ತಕದ ಅಂಕಿಗಳು ದೋಷದ ಸುಳಿವು ನೀಡಬಲ್ಲವು.