ಚಿಕ್ಕಬೆಟ್ಟ ಮೊದಲು, ದೊಡ್ಡಬೆಟ್ಟ ಆಮೇಲೆ

ಶ್ರವಣಬೆಳಗೊಳಕ್ಕೆ ಕ್ಯಾಮೆರಾ ಹಿಡಿದು ಬರುವವರಲ್ಲಿ ಹೆಚ್ಚಿನವರು ಬಸ್ಸಿಳಿದ ಕೂಡಲೇ ದೊಡ್ಡಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಗೊಮ್ಮಟನ ಪಾದದ ಬಳಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, 58 ಅಡಿ ಎತ್ತರವನ್ನು ಫೋನಿನೊಳಗೆ ಹಿಡಿಸಲು ಹೆಣಗಿ, ಇಳಿದು, ಹಾಸನಕ್ಕೋ ಬೇಲೂರಿಗೋ ಹೊರಟುಬಿಡುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟದ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರತಿ ಸಲ ಇದನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದೊಡ್ಡಬೆಟ್ಟ ಎಷ್ಟು ದೊಡ್ಡದೆಂದು ತಿಳಿಯುವುದು ಚಿಕ್ಕಬೆಟ್ಟದ ಮೇಲೆ ನಿಂತಾಗಲೇ.

ಚನ್ನರಾಯಪಟ್ಟಣದಿಂದ ಸುಮಾರು 13 ಕಿ.ಮೀ. ದೂರದ ಈ ಊರು ಎರಡು ಬಂಡೆಗಳ ನಡುವೆ ಕುಳಿತಿದೆ. ತೆಂಕಣಕ್ಕೆ ವಿಂಧ್ಯಗಿರಿ, ಬಡಗಣಕ್ಕೆ ಚಂದ್ರಗಿರಿ. ಊರಿನವರ ಬಾಯಲ್ಲಿ ದೊಡ್ಡಬೆಟ್ಟ, ಚಿಕ್ಕಬೆಟ್ಟ. ನಡುವೆ ಬಿಳಿಯ ಕೊಳ. ಬೆಳ್ಗೊಳ ಎಂಬ ಹೆಸರು ಬಂದದ್ದೇ ಅದರಿಂದ. ಈಗಿನ ಕಲ್ಯಾಣಿಯನ್ನು ಕಟ್ಟಿಸಿದ ಹಿರಿಮೆ ಮೈಸೂರಿನ ಚಿಕ್ಕದೇವರಾಜ ಒಡೆಯರದು.

ಹಾಗಾಗಿ ಬೆಳಗಿನ ಜಾವ ಚಿಕ್ಕಬೆಟ್ಟ ಹತ್ತಿ. ಏರು ಕಡಿಮೆ, ಜನರೂ ಕಡಿಮೆ. ಚಪ್ಪಲಿ ಕೆಳಗೇ ಬಿಡಬೇಕು. ಆ ಹೊತ್ತಿನಲ್ಲಿ ಅಂಗಾಲಿಗೆ ಬಂಡೆ ಇನ್ನೂ ತಣ್ಣಗೆ ತಾಗುತ್ತದೆ. ಅರ್ಧ ದಾರಿಯಲ್ಲಿ ಹಿಂದಿರುಗಿ ನೋಡಿದರೆ ತೆಂಗಿನ ತೋಟದ ಆಚೆ ದೊಡ್ಡಬೆಟ್ಟದ ನುಣುಪು ಬೆನ್ನು, ಅದರ ಮೇಲೆ ಗೆರೆ ಎಳೆದಂತೆ ಮೆಟ್ಟಿಲು, ತುದಿಯಲ್ಲಿ ಕಲ್ಲಿನ ಗೋಡೆ. ಗೋಡೆಯ ಮೇಲೆ ಗೊಮ್ಮಟನ ತಲೆ, ಹೆಗಲು. ಸುತ್ತಿನ ಆ ಸುತ್ತಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅದಕ್ಕೂ ಮೊದಲು ಅಡಿಯಿಂದ ಮುಡಿಯವರೆಗೆ ಇಡೀ ಮೂರ್ತಿ ಬಯಲಿಗೆ ಕಾಣುತ್ತಿತ್ತು. ಮೂರ್ತಿಯನ್ನು ಕಡೆಸಿದ ಚಾವುಂಡರಾಯನ ಕಾಲದ ಜನ, ಅಂದರೆ 981ರ ಸುಮಾರಿನವರು, ಚಿಕ್ಕಬೆಟ್ಟದಿಂದ ಏನನ್ನು ಕಂಡಿರಬಹುದೆಂದು ನಾನು ಪ್ರತಿ ಸಲವೂ ಊಹಿಸಿಕೊಳ್ಳುತ್ತೇನೆ.

ಚಿಕ್ಕಬೆಟ್ಟದ ದೊಡ್ಡ ಸಂಪತ್ತು ಕಾಲಕೆಳಗಿದೆ. ಬೆಳಗೊಳದ ಶಾಸನಗಳು ಐನೂರಕ್ಕೂ ಹೆಚ್ಚು. ಬಿ.ಎಲ್. ರೈಸ್ 1889ರಲ್ಲಿ ಅವುಗಳ ಸಂಪುಟ ತಂದರು, ಆರ್. ನರಸಿಂಹಾಚಾರ್ ಅದನ್ನು 1923ರಲ್ಲಿ ಪರಿಷ್ಕರಿಸಿದರು. ಇಲ್ಲಿನ ಹಾಸುಬಂಡೆಯ ಮೇಲೆ ಹಳಗನ್ನಡದ ಅಕ್ಷರಗಳು ಮಲಗಿವೆ. ಅನ್ನ ನೀರು ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದವರ ನೆನಪುಗಳು ಅವು. ನಡುಮಧ್ಯಾಹ್ನ ಬಂದವರಿಗೆ ಏನೂ ಕಾಣದು, ಬರೀ ಕಲ್ಲು. ಸೂರ್ಯ ಆಗತಾನೇ ಮೇಲೆದ್ದಾಗ ಬೆಳಕು ಬಂಡೆಯನ್ನು ಸವರಿಕೊಂಡು ಹರಿಯುತ್ತದೆ. ಆಗ ಒಂದೊಂದು ಅಕ್ಷರದ ಗುಳಿಯೂ ನೆರಳು ತುಂಬಿಕೊಂಡು ಎದ್ದು ನಿಲ್ಲುತ್ತದೆ. ಅರ್ಧ ಗಂಟೆಯ ಆಟ ಅದು. ಮಂಡಿಯೂರಿ, ಕ್ಯಾಮೆರಾವನ್ನು ಬಂಡೆಗೆ ತಾಗುವಷ್ಟು ತಗ್ಗಿಸಿ ತೆಗೆದ ಒಂದು ಸಾಲು ನನ್ನ ಮಟ್ಟಿಗೆ ಊರಿನ ಬೇರೆಲ್ಲ ಚಿತ್ರಗಳಿಗಿಂತ ಮೇಲು. ದಯವಿಟ್ಟು ಅಕ್ಷರಗಳ ಮೇಲೆ ಮಾತ್ರ ಕಾಲಿಡಬೇಡಿ.

ಇದೇ ಬೆಟ್ಟದ ಮೇಲಿನ ಬಸದಿಗಳ ಪ್ರಾಕಾರದೊಳಗೆ ಚಾವುಂಡರಾಯ ಬಸದಿಯಿದೆ. ಅದರ ಮೇಲಂತಸ್ತು ಅವನ ಮಗ ಜಿನದೇವನ ಕೊಡುಗೆ. ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಪುಟ್ಟ ಚಂದ್ರಗುಪ್ತ ಬಸದಿಯ ಮುಂದೆ. ಅದರ ಜಾಲಂಧ್ರದ ಪುಟ್ಟ ಚೌಕಗಳಲ್ಲಿ ಜೈನಮುನಿ ಭದ್ರಬಾಹು, ಅವರ ಶಿಷ್ಯನಾದ ದೊರೆ ಚಂದ್ರಗುಪ್ತರ ಕಥೆಯಿದೆ. ಕೆತ್ತಿದ ದಾಸೋಜನ ಹೆಸರೂ ಅಲ್ಲೇ ಇದೆ. ಒಳಗಿನ ಕತ್ತಲು ಹಿನ್ನೆಲೆಯಾಗಿ ನಿಲ್ಲುವುದರಿಂದ ಆಕೃತಿಗಳು ಚೆನ್ನಾಗಿ ಮೂಡುತ್ತವೆ.

ಬಿಸಿಲೇರುವ ಮುನ್ನ ದೊಡ್ಡಬೆಟ್ಟ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದವು. ಹತ್ತಲಾಗದ ಹಿರಿಯರಿಗೆ ಡೋಲಿಯವರಿದ್ದಾರೆ. ಇಲ್ಲಿ ಮೆಟ್ಟಿಲು ಹತ್ತುತ್ತಾ ಹಿಂದಕ್ಕೆ ತಿರುಗಿದರೆ ನೋಟ ಉತ್ತರಕ್ಕೆ: ಚೌಕ ಕಲ್ಯಾಣಿ, ಅದರ ಬಾಗಿಲ ಗೋಪುರಗಳು, ಊರಿನ ಛಾವಣಿಗಳು, ಆಚೆ ಚಿಕ್ಕಬೆಟ್ಟದ ಬಸದಿಗಳ ಗುಂಪು. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣದಲ್ಲೇ ಸಾಗುವುದರಿಂದ ಬೆಳಕು ಬೆನ್ನ ಹಿಂದಿರುತ್ತದೆ, ಈ ಚಿತ್ರ ಯಾರು ತೆಗೆದರೂ ಕೆಡುವುದಿಲ್ಲ. ಮೇಲೆ ಹೋದಂತೆ ಗೋಡೆಗೆ ಓರೆಯಾಗಿ ಒದೆಗಲ್ಲು ಕೊಟ್ಟು ನಿಲ್ಲಿಸಿದ ಒದೆಗಲ್ ಬಸದಿ, ಆಮೇಲೆ ಒಂದೇ ಬಂಡೆಯಲ್ಲಿ ಕಡಿದ ಅಖಂಡ ಬಾಗಿಲು. ಬಾಗಿಲ ಮೇಲಿನ ಗಜಲಕ್ಷ್ಮಿಯನ್ನು ನೋಡದೆ ಮುಂದೆ ಹೋಗಬೇಡಿ.

ಇನ್ನು ಗೊಮ್ಮಟ. ಮೂರ್ತಿಯ ಮುಖ ಉತ್ತರಕ್ಕೆ. ಇದನ್ನು ಮರೆತು ಬಂದವರು ಡಿಸೆಂಬರಿನಲ್ಲಿ ಆಕಾಶ ಬೆಳ್ಳಗೆ, ಮುಖ ಕಪ್ಪಗೆ ತೆಗೆದುಕೊಂಡು ಹೋಗುತ್ತಾರೆ. ಮೇ, ಜೂನ್ ತಿಂಗಳಲ್ಲಿ ಸೂರ್ಯ ಈಶಾನ್ಯದ ಕಡೆಯಿಂದ ಹುಟ್ಟುತ್ತಾನೆ. ಆಗ ಬೆಳಗಿನ ಬಿಸಿಲು ಬಲಗೆನ್ನೆಗೆ ಓರೆಯಾಗಿ ಬಿದ್ದು ತುಟಿಯಂಚಿನ ಆ ಕಿರುನಗೆ ಅರಳುತ್ತದೆ. ಮೋಡ ಮುಚ್ಚಿದ ದಿನವಾದರೂ ಬೇಸರ ಬೇಡ. ಮೆತ್ತನೆಯ ಬೆಳಕಿನಲ್ಲಿ ತೊಡೆ ತೋಳುಗಳಿಗೆ ಹಬ್ಬಿದ ಮಾಧವಿ ಬಳ್ಳಿ, ಕಾಲ ಬಳಿಯ ಹುತ್ತದಿಂದ ಹೊರಬರುವ ಹಾವುಗಳು ಸ್ಪಷ್ಟವಾಗಿ ಸಿಗುತ್ತವೆ. ಪೂಜೆ ನಡೆಯುವಾಗ ಕ್ಯಾಮೆರಾ ಕೆಳಗಿರಲಿ. ಸಾವಿರ ವರ್ಷದಿಂದ ಕೈಮುಗಿಯುತ್ತಾ ಬಂದಿರುವ ಜಾಗ ಅದು. ಹೊರಬರುವಾಗ ಗುಳ್ಳಕಾಯಜ್ಜಿಯನ್ನು ಹುಡುಕಿ. ಗೊಮ್ಮಟನ ಎದುರು, ಕೈಯಲ್ಲಿ ಗುಳ್ಳಕಾಯಿ ಹಿಡಿದು ನಿಂತಿದ್ದಾಳೆ. ಅಭಿಷೇಕದಲ್ಲಿ ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಸೊಂಟದಿಂದ ಕೆಳಗಿಳಿಯದಿದ್ದಾಗ ಇವಳ ಒಂದು ಗುಳ್ಳಕಾಯಿಯಷ್ಟು ಹಾಲು ಪಾದ ಮುಟ್ಟಿತೆಂಬ ಕಥೆ ಊರಿನ ಮಕ್ಕಳಿಗೂ ಗೊತ್ತು. ಅವಳ ಮುಖಕ್ಕೂ ಒಂದು ಚಿತ್ರ ಮೀಸಲಿಡಿ.

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಅಕ್ಕನ ಬಸದಿ ಇದೆ. ಹೊಯ್ಸಳ ದೊರೆ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ, ಅವನ ಹೆಂಡತಿ ಆಚಿಯಕ್ಕ ಜೈನಳು, 1181ರಲ್ಲಿ ಅವಳು ಕಟ್ಟಿಸಿದ್ದು. ಒಳಗಿನ ಕರಿಗಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಚಿಕ್ಕಬೆಟ್ಟದ ಹಿಂದಿನ ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆಗೆ ಹೊಯ್ಸಳ ಶಿಲ್ಪವಿದೆ, ಅಲ್ಲಿಗೆ ಬರುವವರು ಬಲು ಕಡಿಮೆ.

ಸಂಜೆ ಕಲ್ಯಾಣಿಯ ಮೆಟ್ಟಿಲಿಗೆ ಬನ್ನಿ. ಗಾಳಿ ನಿಂತ ಹೊತ್ತಿನಲ್ಲಿ ದೊಡ್ಡಬೆಟ್ಟ ಮಗುಚಿಕೊಂಡು ನೀರಿಗಿಳಿಯುತ್ತದೆ. ಮೀನೊಂದು ಬಾಯಿ ತೆರೆದರೆ ಬೆಟ್ಟ ನಡುಗುತ್ತದೆ, ಮತ್ತೆ ಕೂಡಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಕಾಯಿರಿ.